ಜಲಾಂತರ್ಗಾಮಿಯಿಂದ ಇ-ಸಿಗರೇಟಿನವರೆಗೆ

ನೀರಿನಡಿಯಲ್ಲಿ ದಿನಗಟ್ಟಲೆ ಇರುವ ಜಲಾಂತರ್ಗಾಮಿಯೊಳಗೆ ಸಿಗರೇಟು ಹಚ್ಚುವಂತಿಲ್ಲ. 1960ರ ದಶಕದಲ್ಲಿ ಸ್ವೀಡನ್ನಿನ ನೌಕಾಪಡೆಯಲ್ಲಿದ್ದ ಧೂಮಪಾನಿಗಳು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು: ಕಡಲಿಗಿಳಿದಾಗ ತಂಬಾಕು ಜಗಿಯುವುದು. ಇದನ್ನು ಗಮನಿಸಿದ ಕ್ಲೇಸ್ ಲುಂಡ್‌ಗ್ರೆನ್ ಎಂಬ ವಿಜ್ಞಾನಿ 1967ರಲ್ಲಿ ಔಷಧ ಕಂಪನಿಯೊಂದರಲ್ಲಿದ್ದ ಗೆಳೆಯ ಓವೆ ಫರ್ನೋಗೆ ಪತ್ರ ಬರೆದರು. ದೇಹ ಕೇಳುವುದು ನಿಕೋಟಿನ್ನನ್ನು. ಅದನ್ನು ಹೊಗೆಯಿಲ್ಲದೆ ಕೊಡಲಾಗದೇ ಎಂಬುದು ಪತ್ರದ ಸಾರ. ಸ್ವತಃ ಸಿಗರೇಟು ಸೇದುತ್ತಿದ್ದ ಫರ್ನೋ ವರ್ಷಗಟ್ಟಲೆ ದುಡಿದು ನಿಕೋಟಿನ್ ಚ್ಯೂಯಿಂಗ್ ಗಮ್ ರೂಪಿಸಿದರು. 1978ರಲ್ಲಿ ಸ್ವಿಟ್ಜರ್ಲೆಂಡ್ ಅದನ್ನು ಔಷಧವೆಂದು ಒಪ್ಪಿತು.

ಅದೇ ಹೊತ್ತಿಗೆ ಲಂಡನ್ನಿನ ಮನೋವೈದ್ಯ ಮೈಕೆಲ್ ರಸೆಲ್ ಈ ವಿಚಾರಕ್ಕೆ ಸ್ಪಷ್ಟ ರೂಪ ಕೊಟ್ಟಿದ್ದರು. ಜನ ಸೇದುವುದು ನಿಕೋಟಿನ್ನಿಗಾಗಿ, ಸಾಯುವುದು ಹೊಗೆಯಲ್ಲಿರುವ ಟಾರಿನಿಂದ ಎಂದು 1976ರಲ್ಲೇ ಅವರು ಬರೆದರು. ಚಟ ಹಿಡಿಸುವುದು ಒಂದು, ಕೊಲ್ಲುವುದು ಇನ್ನೊಂದು. ಇವೆರಡನ್ನೂ ಬೇರ್ಪಡಿಸಬಹುದೆಂಬ ನಂಬಿಕೆಯ ಮೇಲೆಯೇ ಇ-ಸಿಗರೇಟಿನ ಚರಿತ್ರೆ ನಿಂತಿದೆ.

ಈ ಗಮ್ ಮತ್ತು ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಅನೇಕರಿಗೆ ನೆರವಾದವು. ಆದರೆ ಅವುಗಳ ನಿಕೋಟಿನ್ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಬೆರಳುಗಳ ನಡುವಿನ ಹಿಡಿತ, ತುಟಿಗಿಟ್ಟು ಎಳೆಯುವ ದಮ್ಮು, ಗಂಟಲಿಗೆ ತಾಗುವ ಬಿಸಿ ಅವುಗಳಲ್ಲಿ ಸಿಗುವುದಿಲ್ಲ. ಈ ಕೊರತೆಯನ್ನು ಸ್ವಂತ ಅನುಭವದಿಂದ ಬಲ್ಲವರು ಚೀನಾದ ಶೆನ್ಯಾಂಗ್‌ನ ಔಷಧತಜ್ಞ ಹೋನ್ ಲಿಕ್. ಅವರು ವಿಪರೀತ ಸೇದುತ್ತಿದ್ದರು. ತಂದೆ ಶ್ವಾಸಕೋಶದ ಕ್ಯಾನ್ಸರಿಗೆ ಬಲಿಯಾದರು. ಪ್ಯಾಚ್ ಅಂಟಿಸಿಕೊಂಡು ನೋಡಿದರೂ ಚಟ ಬಿಡಲಿಲ್ಲ. ನಿಕೋಟಿನ್ ಬೆರೆಸಿದ ದ್ರವವನ್ನು ಬ್ಯಾಟರಿಯ ಶಕ್ತಿಯಿಂದ ಮಂಜಿನಂತಾಗಿಸಿ ಒಳಗೆಳೆದುಕೊಳ್ಳುವ ಸಾಧನವನ್ನು ಅವರು 2003ರಲ್ಲಿ ರೂಪಿಸಿದರು. ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್ 1963ರಲ್ಲೇ ಇಂಥದ್ದೊಂದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರೂ ಅದು ಮಾರುಕಟ್ಟೆಗೆ ಬಂದಿರಲಿಲ್ಲ. ಹೋನ್ ಲಿಕ್ ಅವರ ಸಾಧನ ಮಾತ್ರ ಕೆಲವೇ ವರ್ಷಗಳಲ್ಲಿ ಯುರೋಪ್ ಮತ್ತು ಅಮೆರಿಕ ತಲುಪಿತು.

ಇದರಿಂದ ಚಟ ಬಿಡಿಸಬಹುದೇ? ಬ್ರಿಟನ್ನಿನ ಸರ್ಕಾರಿ ಧೂಮಪಾನ ತ್ಯಜನ ಕೇಂದ್ರಗಳಲ್ಲಿ 886 ಮಂದಿಯ ಮೇಲೆ ಪೀಟರ್ ಹಾಯೆಕ್ ತಂಡ ನಡೆಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ ಇ-ಸಿಗರೇಟು ಪಡೆದವರಲ್ಲಿ ಶೇ 18ರಷ್ಟು, ಗಮ್, ಪ್ಯಾಚ್‌ನಂಥವನ್ನು ಪಡೆದವರಲ್ಲಿ ಶೇ 9.9ರಷ್ಟು ಮಂದಿ ಸಿಗರೇಟು ಬಿಟ್ಟಿದ್ದರು. ಎರಡೂ ಗುಂಪುಗಳಿಗೆ ವಾರವಾರವೂ ಆಪ್ತಸಮಾಲೋಚನೆ ಸಿಕ್ಕಿತ್ತು ಎಂಬುದನ್ನು ಮರೆಯಬಾರದು. ಇನ್ನೊಂದು ಸಂಗತಿಯೂ ಇದೆ: ಇ-ಸಿಗರೇಟಿನ ನೆರವಿನಿಂದ ಸಿಗರೇಟು ಬಿಟ್ಟವರಲ್ಲಿ ಶೇ 80ರಷ್ಟು ಮಂದಿ ವರ್ಷದ ನಂತರವೂ ಇ-ಸಿಗರೇಟು ಸೇದುತ್ತಲೇ ಇದ್ದರು. ಅವರು ಹೊಗೆಯಿಂದ ಪಾರಾಗಿದ್ದರು, ನಿಕೋಟಿನ್ನಿನಿಂದ ಆಗಿರಲಿಲ್ಲ.

ಚಿಕಿತ್ಸೆಯ ಕೋಣೆಯಿಂದ ಹೊರಬಿದ್ದಾಗ ಈ ಸಾಧನದ ಗುಣವೇ ಬದಲಾಯಿತು. ಅಮೆರಿಕದಲ್ಲಿ 2015ರಲ್ಲಿ ಬಂದ ಜೂಲ್ ಎಂಬ ಇ-ಸಿಗರೇಟು ಪೆನ್‌ಡ್ರೈವ್‌ನಂತೆ ಕಾಣುತ್ತಿತ್ತು. ಮಾವು, ಪುದೀನದ ರುಚಿಗಳಲ್ಲಿ ಸಿಗುತ್ತಿತ್ತು. ಎಂದೂ ಸಿಗರೇಟು ಮುಟ್ಟದ ಶಾಲಾ ಮಕ್ಕಳೂ ಅದಕ್ಕೆ ಅಂಟಿಕೊಂಡರು. 2018ರ ಡಿಸೆಂಬರ್‌ನಲ್ಲಿ ಅಲ್ಲಿನ ಸರ್ಜನ್ ಜನರಲ್ ಇದನ್ನು ಹದಿಹರೆಯದವರ ನಡುವಿನ ಸಾಂಕ್ರಾಮಿಕವೆಂದೇ ಕರೆದರು.

ಭಾರತ ಕಂಡದ್ದು ಈ ಎರಡನೆಯ ಮುಖವನ್ನು. ಕರ್ನಾಟಕ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ಹೊರಡಿಸಿತು; ಡಿಸೆಂಬರ್‌ನಲ್ಲಿ ಅದು ಕಾಯ್ದೆಯಾಯಿತು. ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಬ್ರಿಟನ್ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು: ಸಿಗರೇಟು ಬಿಡಲು ಹೊರಟ ಹತ್ತು ಲಕ್ಷ ಮಂದಿಗೆ ವೇಪ್ (ಇ-ಸಿಗರೇಟು) ಕಿಟ್ ಕೊಡುವ ಯೋಜನೆಯನ್ನು 2023ರಲ್ಲಿ ಪ್ರಕಟಿಸಿತು. ಆದರೆ ಬಳಸಿ ಬಿಸಾಡುವ ವೇಪ್‌ಗಳನ್ನು 2025ರ ಜೂನ್‌ನಲ್ಲಿ ಅಲ್ಲಿಯೂ ನಿಷೇಧಿಸಲಾಯಿತು.

ನಿಷೇಧವನ್ನು ಒಪ್ಪುತ್ತಲೇ ಒಂದು ಮಾತು ಹೇಳಬೇಕು. ಇ-ಸಿಗರೇಟನ್ನು ತಡೆದ ದೇಶದಲ್ಲಿ ಬೀಡಿ, ಸಿಗರೇಟು ಬೀದಿಬೀದಿಯ ಗೂಡಂಗಡಿಯಲ್ಲಿ ಸಿಗುತ್ತವೆ. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸೇದುವವರು ಶೇ 10.7ರಷ್ಟಿದ್ದರೆ, ಗುಟ್ಕಾ, ಖೈನಿ, ಹೊಗೆಸೊಪ್ಪಿನಂಥ ಹೊಗೆರಹಿತ ತಂಬಾಕು ಬಳಸುವವರು ಶೇ 21.4. ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಜ್ಜಿಗೂ ಜೇಬಿನಲ್ಲಿ ಗುಟ್ಕಾ ಪೊಟ್ಟಣ ಇಟ್ಟುಕೊಂಡ ಹುಡುಗನಿಗೂ ಬೇಕಾದದ್ದು ಬೇರೆಯದೇ ನೆರವು. ಅದು ನಮ್ಮಲ್ಲಿ ಇಲ್ಲದ್ದೇನಲ್ಲ. 2 ಮಿಲಿಗ್ರಾಂ ನಿಕೋಟಿನ್ ಗಮ್ ವೈದ್ಯರ ಚೀಟಿಯಿಲ್ಲದೆಯೂ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಕೊಟ್ಟ ಚಿಕಿತ್ಸಾ ಮಾರ್ಗಸೂಚಿಯಲ್ಲಿ ಗಮ್, ಪ್ಯಾಚ್‌ನಂಥ ನಿಕೋಟಿನ್ ಬದಲಿ ಚಿಕಿತ್ಸೆ, ಬುಪ್ರೊಪಿಯಾನ್, ವರೆನಿಕ್ಲಿನ್ ಮಾತ್ರೆಗಳ ಜೊತೆಗೆ ಆಪ್ತಸಮಾಲೋಚನೆಗೂ ಸ್ಥಾನವಿದೆ. ಇವು ತಾಲ್ಲೂಕು ಆಸ್ಪತ್ರೆಯವರೆಗೂ ತಲುಪಬೇಕು. ಒಂದು ದಾರಿ ಮುಚ್ಚಿದ ಸರ್ಕಾರದ ಹೊಣೆ ಅದು.

ಕದ್ದು ಮಾರುವ ವೇಪ್‌ನಲ್ಲಿ ಏನು ಬೆರೆತಿದೆಯೆಂದು ಮಾರುವವನಿಗೂ ತಿಳಿದಿರುವುದಿಲ್ಲ. ಅದರ ಗೊಡವೆಗೆ ಹೋಗಬೇಡಿ. ತಂಬಾಕು ಬಿಡಬೇಕೆನಿಸಿದ ದಿನವೇ 1800-11-2356ಕ್ಕೆ ಕರೆ ಮಾಡಿ. ಕರೆ ಉಚಿತ, ಬೆಂಗಳೂರಿನ ನಿಮ್ಹಾನ್ಸ್‌ನ ಆಪ್ತಸಮಾಲೋಚಕರು ಕನ್ನಡದಲ್ಲೇ ಮಾತಾಡುತ್ತಾರೆ.