ಹಡಗನ್ನೇರುವ ಲಿಥಿಯಮ್ ಬ್ಯಾಟರಿಗಳು

ಭದ್ರಾವತಿಗೂ ಸಮುದ್ರಕ್ಕೂ ಏನು ನಂಟೆಂದು ಸಹಪಾಠಿ ಮಿತ್ರರು ಕೇಳಿಯಾರು. ನಮ್ಮ ಜನ್ನಾಪುರದವರು ಪಡುಗಡಲನ್ನು ಕಾಣಬೇಕಾದರೆ ಘಟ್ಟವಿಳಿದು ಹೋಗಬೇಕು. ಆದರೂ ನಮ್ಮ ಬೀದಿಯಲ್ಲಿ ಸದ್ದಿಲ್ಲದೆ ಸುಳಿದಾಡುವ ವಿದ್ಯುತ್ ಸ್ಕೂಟರಿನ ಒಡಲಲ್ಲಿಯೂ, ನಮ್ಮೆಲ್ಲರ ಜೇಬಿನ ಮೊಬೈಲಿನಲ್ಲಿಯೂ ಇರುವ ಲಿಥಿಯಮ್ ಕೋಶಗಳು ಹೆಚ್ಚಾಗಿ ಹೊರದೇಶಗಳಲ್ಲಿ ತಯಾರಾಗಿ ಕಡಲು ದಾಟಿ ಬಂದವು. ಹೀಗಿರುವಾಗ, ಆ ಸರಕು ಹಡಗನ್ನೇರುವ ಮೊದಲು ಅದನ್ನು ಯಾರು, ಹೇಗೆ ಪರೀಕ್ಷಿಸುತ್ತಾರೆಂಬುದನ್ನು ತಿಳಿಯುವುದು ನಮಗೂ ಅಗತ್ಯವೇ ಸರಿ.

ಮೊದಲು ಇದ್ದಿಲಿನ ಮಾತೊಂದನ್ನು ಹೇಳುತ್ತೇನೆ. 1923ರಲ್ಲಿ ನಮ್ಮೂರಿನ ಕಬ್ಬಿಣದ ಕುಲುಮೆ ಉರಿಯತೊಡಗಿದ್ದು ಮಲೆನಾಡಿನ ಕಟ್ಟಿಗೆಯಿಂದ ಮಾಡಿದ ಇದ್ದಿಲಿನಿಂದ. ಹೊಸದಾಗಿ ಸುಟ್ಟ ಇದ್ದಿಲನ್ನು ಚೆನ್ನಾಗಿ ಆರಲು ಬಿಡದೆ ರಾಶಿ ಹಾಕಿದರೆ ಅದು ಗಾಳಿಯ ಆಮ್ಲಜನಕವನ್ನು ಹೀರಿ, ಯಾರೂ ಕಿಡಿ ತಾಗಿಸದಿದ್ದರೂ, ಒಳಗಿಂದೊಳಗೇ ಕಾವೇರುತ್ತದೆ. ಹೊರಗೆ ಕೈಯಿಟ್ಟರೆ ತಣ್ಣಗೆ, ಒಳಗೆ ಕೆಂಡ. ಈ ಕಾರಣದಿಂದಲೇ ಹಡಗಿನ ಸರಕುಗಳಲ್ಲಿ ಇದ್ದಿಲು ಬಹುಕಾಲದಿಂದ ತೊಂದರೆ ಕೊಟ್ಟಿದೆ. 2026ರ ಜನವರಿ 1ರಿಂದ ಕಡ್ಡಾಯವಾದ ತಿದ್ದುಪಡಿಯಂತೆ ಅದನ್ನು ಅಪಾಯಕರ ಸರಕೆಂದು ಹೇಳಿಯೇ ಸಾಗಿಸತಕ್ಕದ್ದು. ಲಿಥಿಯಮ್ ಬ್ಯಾಟರಿಯೂ ಹೊರಗೆ ತಣ್ಣಗಿದ್ದು ಒಳಗೆ ಕೆಂಡವಾಗಬಲ್ಲ ಪದಾರ್ಥ. ಆದರೆ ಅದರ ಬಗೆ ಬೇರೆ.

ಲಿಥಿಯಮ್ ಅಯಾನ್ ಕೋಶದಲ್ಲಿ ಎರಡು ತೆಳುವಾದ ಲೋಹದ ಹಾಳೆಗಳಿರುತ್ತವೆ. ಒಂದಕ್ಕೆ ಗ್ರಾಫೈಟಿನ ಲೇಪ, ಇನ್ನೊಂದಕ್ಕೆ ಲಿಥಿಯಮ್ ಬೆರೆತ ಸಂಯುಕ್ತದ ಲೇಪ. ಇವೆರಡೂ ಒಂದನ್ನೊಂದು ಮುಟ್ಟದಂತೆ ನಡುವೆ ಪ್ಲಾಸ್ಟಿಕ್ಕಿನ ತೆರೆಯೊಂದಿದೆ. ಅದರ ದಪ್ಪ ತಲೆಗೂದಲಿಗಿಂತಲೂ ಕಡಿಮೆ. ಸುತ್ತಲೂ ಇರುವ ದ್ರವವೋ ಸೀಮೆಎಣ್ಣೆಯಂತೆ ಹೊತ್ತಿಕೊಳ್ಳುವ ಜಾತಿಯದು. ಪೆಟ್ಟು ಬಿದ್ದೋ, ತಯಾರಿಕೆಯ ದೋಷದಿಂದಲೋ, ಮಿತಿಮೀರಿ ವಿದ್ಯುತ್ತು ತುಂಬಿದ್ದರಿಂದಲೋ ಈ ತೆರೆ ಹರಿಯಿತೆನ್ನಿ. ಆಗ ಎರಡು ಹಾಳೆಗಳೂ ಕೂಡಿ ಶಾಖ ಹುಟ್ಟುತ್ತದೆ. ಶಾಖದಿಂದ ರಾಸಾಯನಿಕ ಕ್ರಿಯೆ, ಆ ಕ್ರಿಯೆಯಿಂದ ಮತ್ತಷ್ಟು ಶಾಖ. ಒಂದು ಕೋಶ ಪಕ್ಕದ ಕೋಶವನ್ನು ಸುಡುತ್ತದೆ, ಅದು ಮತ್ತೊಂದನ್ನು. ವಿಷಾನಿಲಗಳೂ ಹೊಮ್ಮುತ್ತವೆ. ಕೆಲವು ಬಗೆಯ ಕೋಶಗಳಲ್ಲಿ ಬೆಂಕಿಗೆ ಬೇಕಾದ ಆಮ್ಲಜನಕವೂ ಆ ಲೇಪದಿಂದಲೇ ಹೊರಡುವುದರಿಂದ, ಹಡಗಿನ ಸರಕುಕೋಣೆಗೆ ಇಂಗಾಲದ ಡೈಆಕ್ಸೈಡನ್ನು ತುಂಬಿ ಉಸಿರುಕಟ್ಟಿಸುವ ಹಳೆಯ ಉಪಾಯ ಇಲ್ಲಿ ಪೂರ್ತಿ ಫಲಿಸುವುದಿಲ್ಲ. ಜ್ವಾಲೆ ಅಡಗಿದರೂ ಕಾವು ಉಳಿಯುತ್ತದೆ, ಮತ್ತೆ ಹೊತ್ತುತ್ತದೆ. ತಣಿಸಬೇಕಾದರೆ ಹೇರಳ ನೀರು ಬೇಕು. ಒಂದರ ಮೇಲೊಂದು ಪೇರಿಸಿದ ಕಂಟೇನರುಗಳ ನಟ್ಟನಡುವಿನ ಪೆಟ್ಟಿಗೆಗೆ ನೀರು ಮುಟ್ಟಿಸುವುದೆಂತು?

ಆದಕಾರಣ ಬೆಂಕಿಯನ್ನು ಆರಿಸುವುದಕ್ಕಿಂತ ಅದು ಹಡಗನ್ನೇರದಂತೆ ತಡೆಯುವುದೇ ಲೇಸೆಂದು ನಿಯಮಗಳನ್ನು ಮಾಡಿದ್ದಾರೆ. ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ ಅಪಾಯಕರ ಸರಕುಗಳ ಸಂಹಿತೆ 1965ರಲ್ಲಿ ಅಂಗೀಕೃತವಾಗಿ 2004ರಿಂದ ಕಡ್ಡಾಯವಾಯಿತು. ಇದರಲ್ಲಿ ಲಿಥಿಯಮ್ ಬ್ಯಾಟರಿಗೆ ಒಂಬತ್ತನೆಯ ವರ್ಗ. ಬಿಡಿಯಾಗಿ ಬಂದ ಅಯಾನ್ ಬ್ಯಾಟರಿಗೆ 3480 ಎಂಬ ವಿಶ್ವಸಂಸ್ಥೆಯ ಸಂಖ್ಯೆ; ಉಪಕರಣದ ಒಳಗೋ ಜೊತೆಗೋ ಬಂದರೆ 3481; ಅಂತಹ ಬ್ಯಾಟರಿಯಿಂದ ಓಡುವ ವಾಹನಕ್ಕೆ ಈಗ 3556.

ಪರೀಕ್ಷಕನು ಮೊದಲು ನೋಡುವುದು ಪೆಟ್ಟಿಗೆಯನ್ನಲ್ಲ, ಕಾಗದವನ್ನು. ಪ್ರತಿಯೊಂದು ಮಾದರಿಯ ಬ್ಯಾಟರಿಯೂ ವಿಶ್ವಸಂಸ್ಥೆಯ ಕೈಪಿಡಿಯ 38.3ನೆಯ ಭಾಗದಲ್ಲಿ ಹೇಳಿರುವ ಪರೀಕ್ಷೆಗಳಲ್ಲಿ ತನಗೆ ಅನ್ವಯಿಸುವುವನ್ನು ಗೆದ್ದಿರಬೇಕು. ಇಂತಹವು ಒಟ್ಟು ಎಂಟು. ಎತ್ತರದ ಆಕಾಶದ ಕಡಿಮೆ ಒತ್ತಡ, 72 ಡಿಗ್ರಿ ಸೆಲ್ಸಿಯಸ್ ಬಿಸಿಯಿಂದ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯವರೆಗೆ ಮತ್ತೆ ಮತ್ತೆ ಏರಿಳಿತ, ಅದುರಾಟ, ಹೊಡೆತ, ಜಜ್ಜುವಿಕೆ, ಮಿತಿಮೀರಿದ ಪೂರಣ ಇತ್ಯಾದಿ ಅಗ್ನಿಪರೀಕ್ಷೆಗಳು. ನಮ್ಮ ಪರೀಕ್ಷೆಗಳಾದರೋ ಇಷ್ಟು ಕಠಿನವಲ್ಲ! 2020ರಿಂದ ಇವುಗಳ ಸಾರಾಂಶಪತ್ರವನ್ನು ತಯಾರಕರು ಒದಗಿಸತಕ್ಕದ್ದು. ಪತ್ರದಲ್ಲಿರುವ ಮಾದರಿಯ ಸಂಖ್ಯೆಯೂ ಬ್ಯಾಟರಿಯ ಮೈಮೇಲಿನ ಸಂಖ್ಯೆಯೂ ಒಂದೇ ಆಗಿದೆಯೇ ಎಂದು ತಾಳೆ ನೋಡುವುದು ಪರೀಕ್ಷಕನ ಮೊದಲ ಕೆಲಸ. ಇನ್ನಾವುದೋ ಬ್ಯಾಟರಿಯ ಪತ್ರವನ್ನು ಇದಕ್ಕೆ ಅಂಟಿಸಿದ್ದರೆ ಇಲ್ಲಿಯೇ ಸಿಕ್ಕಿಬೀಳುತ್ತದೆ.

ಮುಂದಿನದು ಸಣ್ಣ ಲೆಕ್ಕ. ಬ್ಯಾಟರಿಯ ವೋಲ್ಟನ್ನು ಆಂಪೇರ್-ಗಂಟೆಯಿಂದ ಗುಣಿಸಿದರೆ ವಾಟ್-ಗಂಟೆ ಬರುತ್ತದೆ. 3.7 ವೋಲ್ಟಿನ, 20 ಆಂಪೇರ್-ಗಂಟೆಯ ಪವರ್ ಬ್ಯಾಂಕಿನಲ್ಲಿ 74 ವಾಟ್-ಗಂಟೆ ಶಕ್ತಿ. 100 ವಾಟ್-ಗಂಟೆಗೆ ಮೀರದ ಬ್ಯಾಟರಿಗೆ ಕೆಲವು ವಿನಾಯಿತಿಗಳುಂಟು: ಬಿಡಿ ಬ್ಯಾಟರಿಯ ಕಟ್ಟಿನ ತೂಕ 30 ಕಿಲೋಗ್ರಾಮನ್ನು ಮೀರಕೂಡದು, 1.2 ಮೀಟರು ಎತ್ತರದಿಂದ ಬೀಳಿಸಿದರೂ ಒಳಗಿನದಕ್ಕೆ ಹಾನಿಯಾಗಕೂಡದು, ಕೆಂಪು ಗೆರೆಗಳ ಅಂಚಿನ ಗುರುತು ಕಾಣುವಂತಿರಬೇಕು. ಆದರೆ 48 ವೋಲ್ಟಿನ, 30 ಆಂಪೇರ್-ಗಂಟೆಯ ಸ್ಕೂಟರ್ ಬ್ಯಾಟರಿಯೆಂದರೆ 1440 ವಾಟ್-ಗಂಟೆ. ಅದಕ್ಕೆ ವಿನಾಯಿತಿಯಿಲ್ಲ. ಅದನ್ನು ಬಿಡಿಯಾಗಿ ಕಳುಹಿಸುವುದಾದರೆ ಒಂಬತ್ತನೆಯ ವರ್ಗದ ಚೀಟಿ, ಅಪಾಯಕರ ಸರಕಿನ ಘೋಷಣಾಪತ್ರ, ನಿಯಮದಂತೆ ಪ್ಯಾಕಿಂಗು, ಎಲ್ಲವೂ ಬೇಕು.

ಆಮೇಲೆ ಪೆಟ್ಟಿಗೆ ತೆರೆಯುವ ಸರದಿ. ಧನ, ಋಣ ತುದಿಗಳಿಗೆ ಮುಚ್ಚಳವಿದೆಯೇ? ಬ್ಯಾಟರಿಗಳು ಒಂದಕ್ಕೊಂದು ತಾಗದಂತೆ ಬೇರೆಬೇರೆ ಇವೆಯೇ? ಯಾವುದಾದರೂ ಉಬ್ಬಿದೆಯೇ, ಸೋರಿದೆಯೇ? ಉಬ್ಬಿದ, ಜಜ್ಜಿದ ಬ್ಯಾಟರಿಗಳನ್ನು ಹೊಸದರ ಜೊತೆ ಕಳುಹಿಸುವಂತಿಲ್ಲ. ಅವಕ್ಕೆ ಬೇರೆಯೇ ಕಟ್ಟಳೆ, ತೀರ ಕೆಟ್ಟವಕ್ಕೆ ಸರ್ಕಾರದ ಅಪ್ಪಣೆಯೂ ಅಗತ್ಯ. ನಮ್ಮೂರ ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಉಬ್ಬಿದ ಬ್ಯಾಟರಿಗಳನ್ನು ಡಬ್ಬಿಯೊಂದಕ್ಕೆ ಎಸೆದು ಗುಜರಿಗೆ ಹಾಕುವುದನ್ನು ಕಂಡಾಗಲೆಲ್ಲ ನನಗೆ ಈ ಕಟ್ಟಳೆ ನೆನಪಾಗುತ್ತದೆ. ಕೊನೆಗೆ, ಕಂಟೇನರಿನ ನೆಲದಲ್ಲಿ ಮೊಳೆಗಳು ಎದ್ದಿವೆಯೇ, ಚಾವಣಿ ಸೋರುತ್ತದೆಯೇ, ಅಲೆಯ ಹೊಯ್ದಾಟಕ್ಕೆ ಸರಕು ಜಾರದಂತೆ ಮರದ ತುಂಡು, ಪಟ್ಟಿಗಳಿಂದ ಬಿಗಿದಿದ್ದಾರೆಯೇ ಎಂದು ನೋಡಿ ಬಾಗಿಲಿಗೆ ಮೊಹರು ಹಾಕುತ್ತಾರೆ. ಹಡಗಿನಲ್ಲಿ ಅದನ್ನಿಡುವ ಜಾಗವೂ ಕಾವಿನಿಂದ ದೂರವಿರಬೇಕು.

ಇಷ್ಟೆಲ್ಲ ಇದ್ದರೂ ಒಂದು ದೊಡ್ಡ ಕಂಡಿಯಿದೆ. ಈ ಪರೀಕ್ಷೆ ನಡೆಯುವುದು ‘ಇದು ಬ್ಯಾಟರಿ’ ಎಂದು ಸರಕಿನವನು ಹೇಳಿಕೊಂಡಾಗ ಮಾತ್ರ. ಸಾವಿರಾರು ಕಂಟೇನರುಗಳು ಬರುವ ಬಂದರಿನಲ್ಲಿ ಪ್ರತಿಯೊಂದರ ಬಾಗಿಲನ್ನೂ ತೆಗೆಸುವುದು ಅಸಾಧ್ಯ. ಹೇಳಿಕೊಂಡರೆ ಹೆಚ್ಚು ಬಾಡಿಗೆ, ಹೆಚ್ಚು ಕಾಗದ, ಒಮ್ಮೊಮ್ಮೆ ನಿರಾಕರಣೆ. ಬೇರೆ ಹೆಸರು ಬರೆದರೆ ಯಾವ ತೊಡಕೂ ಇಲ್ಲ. 2020ರ ಜನವರಿ 4ರಂದು ಅರಬ್ಬೀ ಸಮುದ್ರದಲ್ಲಿ ‘ಕಾಸ್ಕೊ ಪೆಸಿಫಿಕ್’ ಎಂಬ ಹಡಗಿನ ಸರಕುಕೋಣೆಯಲ್ಲಿ ಬೆಂಕಿ ಕಾಣಿಸಿಕೊಂಡಿತು. ಚೀನದ ನಾನ್ಶಾ ಬಂದರಿನಲ್ಲಿ ಹೇರಿ ನಮ್ಮ ದೇಶದ ನ್ಹಾವಾ ಶೇವಾಕ್ಕೆ ಬರುತ್ತಿದ್ದ ಕಂಟೇನರಿನಲ್ಲಿ ಲಿಥಿಯಮ್ ಬ್ಯಾಟರಿಗಳಿದ್ದವು. ಕಾಗದದಲ್ಲಿದ್ದದ್ದು ‘ಬಿಡಿಭಾಗಗಳು ಮತ್ತು ಸಲಕರಣೆಗಳು’ ಎಂದು. ಒಳಗೇನಿದೆಯೆಂದು ತಿಳಿಯದೆ ಆ ಬೆಂಕಿಗೆ ಎದೆಯೊಡ್ಡಿದವರು ಹಡಗಿನ ನಾವಿಕರು.

ಹಡಗಿನ ಬೆಂಕಿಯೆಂದರೆ ಏನೆಂಬುದು ನಮ್ಮ ಕರಾವಳಿಗೆ ಈಚೆಗೆ ಚೆನ್ನಾಗಿ ತಿಳಿದಿದೆ. 2024ರ ಜುಲೈಯಲ್ಲಿ ಕಾರವಾರದಾಚೆಯ ಕಡಲಲ್ಲಿ ‘ಮೇರ್ಸ್ಕ್ ಫ್ರಾಂಕ್‌ಫರ್ಟ್’ ಹೊತ್ತಿಕೊಂಡು ಒಬ್ಬ ನಾವಿಕ ಮೃತನಾದ. 2025ರ ಜೂನ್ 9ರಂದು ಕೇರಳದ ಕರೆಯಾಚೆ ‘ವಾನ್ ಹೈ 503’ ಉರಿದಾಗ, ಇಪ್ಪತ್ತೆರಡು ಮಂದಿಯಲ್ಲಿ ಬದುಕುಳಿದ ಹದಿನೆಂಟು ಮಂದಿಯನ್ನು ನೌಕಾಪಡೆಯ ‘ಸೂರತ್’ ಹಡಗು ನವಮಂಗಳೂರು ಬಂದರಿಗೆ ತಂದಿತು, ನಾಲ್ವರು ಕಾಣೆಯಾದರು. ಈ ಎರಡಕ್ಕೂ ಬ್ಯಾಟರಿಯೇ ಕಾರಣವೆಂದು ನಾನು ಹೇಳುತ್ತಿಲ್ಲ. ನಡುಗಡಲಿನಲ್ಲಿ ಕಂಟೇನರಿಗೆ ಬೆಂಕಿ ಬಿದ್ದರೆ ಓಡಿಹೋಗಲು ನೆಲವಿಲ್ಲವೆಂಬುದನ್ನಷ್ಟೇ ಹೇಳುತ್ತಿದ್ದೇನೆ.

2021ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಬಳಸಿ ಬಿಸುಟ ಬ್ಯಾಟರಿಗಳ ಕಂಟೇನರೊಂದು ವರ್ಜೀನಿಯದ ಬಂದರಿಗೆ ಲಾರಿಯಲ್ಲಿ ಹೊರಟಿತ್ತು. ಕಾಗದದಲ್ಲಿ ‘ಕಂಪ್ಯೂಟರಿನ ಭಾಗಗಳು’ ಎಂದಿತ್ತು. ಹೆದ್ದಾರಿಯಲ್ಲಿಯೇ ಅದಕ್ಕೆ ಬೆಂಕಿ ಹತ್ತಿತು. ಅದರ ಕಾವಿಗೆ ಕಂಟೇನರಿನ ಲೋಹವೇ ತೂತುಬಿತ್ತು. ಇನ್ನೂ ಸ್ವಲ್ಪ ತಡವಾಗಿ ಹೊತ್ತಿದ್ದರೆ ಅದು ಹಡಗಿನಲ್ಲಿರುತ್ತಿತ್ತು.