ಉಲ್ಟಾ ಚೂಡಿ: ಸೈಕಲ್ಲಿನ ಬಿ.ಬಿ. ಕೂಡಿಸುವ ಕ್ರಮ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದ್ದಾರೆ. ಶಾಲೆಯ ಚರಿತ್ರೆಯನ್ನೂ ದಾನಿಗಳ ಔದಾರ್ಯವನ್ನೂ ಬಣ್ಣಿಸಲು ನನಗಿಂತ ಸಮರ್ಥರಿದ್ದಾರೆ. ಈ ಐವತ್ತು ವರ್ಷ ನಮ್ಮ ತರಗತಿಗಳನ್ನು ತುಂಬಿಸಿದ ಒಂದು ಸಾಧನವನ್ನು ಮಾತ್ರ ಯಾರೂ ಪ್ರಸ್ತಾಪಿಸಲಾರರು ಎಂಬ ಅನುಮಾನ ನನಗಿದೆ. ಅದು ಸೈಕಲ್ಲು. ಆದುದರಿಂದ ಸೈಕಲ್ಲಿನ ಒಂದು ಭಾಗವನ್ನು ಕುರಿತು, ಪಾಠ ಹೇಳುವ ಹಳೆಯ ಅಭ್ಯಾಸದಂತೆ, ನಾಲ್ಕು ಮಾತು ಬರೆಯುತ್ತೇನೆ.

ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಸೀಮೆಯಲ್ಲಿ, ಅದರಲ್ಲಿಯೂ ಕೃಷ್ಣೆಯ ದಂಡೆಯ ಅನೇಕ ಹಳ್ಳಿಗಳಲ್ಲಿ, ಮನೆಯ ಮಾತು ಕನ್ನಡ. 1956ರ ನವೆಂಬರ್ 1ರ ನಂತರ ಕಚೇರಿಯ ಮಾತು ತೆಲುಗು. ತೆಲುಗು ಮಾಧ್ಯಮದ ಶಾಲೆ ಊರ ಬಾಗಿಲಲ್ಲಿರುತ್ತದೆ. ಕನ್ನಡದಲ್ಲಿಯೇ ಮುಂದೆ ಓದಬೇಕೆಂಬ ಮಗು ಮಾತ್ರ ದೂರ ಹೋಗಬೇಕು. ಆ ದೂರವನ್ನು ಕಡಿಮೆ ಮಾಡಿದ್ದು ಅಪ್ಪನದೋ ಅಣ್ಣನದೋ ಹಳೆಯ ಸೈಕಲ್ಲು. ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಮಳೆಗಾಲದಲ್ಲಿ ಹಾಜರಿ ಪುಸ್ತಕದ ಗೈರುಹಾಜರಿಗೆ ಕಾರಣ ಕೇಳಿದರೆ ಜ್ವರಕ್ಕಿಂತ ಹೆಚ್ಚಾಗಿ ಕೇಳಿಬರುತ್ತಿದ್ದ ಉತ್ತರ, "ಸೈಕಲ್ ಕೆಟ್ಟಿತ್ರಿ ಸಾರ್" ಎಂಬುದು. ಪಂಕ್ಚರ್ ಆದರೆ ಒಂದು ದಿನ ಹೋಗುತ್ತಿತ್ತು. ಬಿ.ಬಿ. ಹೋದರೆ ವಾರವೇ ಹೋಗುತ್ತಿತ್ತು. ವಾರ ತಪ್ಪಿದ ಹುಡುಗ ತಿಂಗಳು ತಪ್ಪುವುದಕ್ಕೆ, ತಿಂಗಳು ತಪ್ಪಿದವನು ಹೊಲದ ಕೆಲಸಕ್ಕೆ ನಿಂತುಬಿಡುವುದಕ್ಕೆ ಹೆಚ್ಚು ಸಮಯ ಬೇಕಾಗುತ್ತಿರಲಿಲ್ಲ.

ಈಗ ಕಾಲ ಬೇರೆ. ಹೈದರಾಬಾದು, ಬೆಂಗಳೂರುಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳ ಮಕ್ಕಳು ಬಾಗಿದ ಹ್ಯಾಂಡಲಿನ, ತೆಳುವಾದ ಟೈರಿನ ರೋಡ್ ಬೈಕುಗಳನ್ನು ಓಡಿಸುತ್ತಾರೆ. ಅಂಥದೊಂದನ್ನು ಕೆಲವು ವರ್ಷಗಳ ಹಿಂದೆ ರಜೆಗೆಂದು ಊರಿಗೆ ತಂದಿದ್ದರು. ನಗರದ ಅಂಗಡಿಯೊಂದರಲ್ಲಿ ಅದರ ಬಿ.ಬಿ. ಬದಲಾಯಿಸಲು ಹೋಗಿ, ಪಾನಾಕ್ಕೆ ಉದ್ದನೆಯ ಪೈಪು ತೊಡಿಸಿ ಜಗ್ಗಿ, ಕೊನೆಗೆ ಹೊಸದನ್ನು ಓರೆಯಾಗಿ ತುರುಕಿ ಕಳುಹಿಸಿದ್ದರು. ತುಳಿದಾಗಲೆಲ್ಲ ಕಟಕಟ ಸದ್ದು. ಮಕ್ತಲ್ಲಿನ ವಯಸ್ಸಾದ ಸೈಕಲ್ ಕಾರ್ಮಿಕರೊಬ್ಬರು ಅದನ್ನು ಮಗುಚಿ ನೋಡಿ, "ಬಲಗಡೀದು ಉಲ್ಟಾ ಚೂಡಿ ಇರ್ತದ್ರೀ ಸಾರ್. ಬಿಚ್ಚತೀವಂತ ತಿಳಕೊಂಡು ಬಿಗಿ ಮಾಡ್ಯಾರ" ಎಂದರು. ಅಕ್ಷರ ಕಲಿಯದ ಆ ಮನುಷ್ಯನ ಕೈಗೆ ಗೊತ್ತಿದ್ದುದು ಗಾಜಿನ ಬಾಗಿಲ ಅಂಗಡಿಗೆ ಗೊತ್ತಿರಲಿಲ್ಲ. ಏಕೆ ಉಲ್ಟಾ ಎಂದು ಕೇಳಿದಾಗ ಮಾತ್ರ ಅವರು ನಕ್ಕರು. ಅದನ್ನು ಹೇಳುವುದು ಮೇಷ್ಟರ ಕೆಲಸ.

ಸೈಕಲ್ಲಿನ ಸೀಟಿನಿಂದ ಇಳಿಯುವ ಕೊಳವೆ, ಹ್ಯಾಂಡಲಿನ ಕಡೆಯಿಂದ ಇಳಿಯುವ ಕೊಳವೆ, ಹಿಂದಿನ ಚಕ್ರದಿಂದ ಬರುವ ಎರಡು ಸಣ್ಣ ಕೊಳವೆಗಳು, ಈ ನಾಲ್ಕೂ ಒಂದೆಡೆ ಸೇರುತ್ತವೆ. ಅಲ್ಲಿ ಅಡ್ಡಲಾಗಿ ಒಂದು ಗಿಡ್ಡ ಕೊಳವೆಯಿದೆ. ಅದರೊಳಗೆ ಅಚ್ಚು, ಅಚ್ಚಿನ ಎರಡು ತುದಿಗೆ ಪೆಡಲ್ ಹೊತ್ತ ಕ್ರ್ಯಾಂಕುಗಳು. ಅಚ್ಚು, ಅದನ್ನು ಹಿಡಿದಿರುವ ಬಟ್ಟಲಿನಾಕಾರದ ಎರಡು ಕಪ್ಪುಗಳು, ನಡುವಿನ ಉಕ್ಕಿನ ಗುಂಡುಗಳು, ಇಷ್ಟೂ ಸೇರಿ ಬಾಟಮ್ ಬ್ರಾಕೆಟ್. ಅಂಗಡಿಯ ಮಾತಿನಲ್ಲಿ ಬಿ.ಬಿ. ಗುಂಡುಗಳಿಗೆ ನಮ್ಮಲ್ಲಿ ಛರ್ರಾ ಎನ್ನುತ್ತಾರೆ, ತಿರುಪಿನ ಗೆರೆಗಳಿಗೆ ಚೂಡಿ ಎನ್ನುತ್ತಾರೆ. ಬಳೆ ಬಳೆಯಾಗಿ ಕಾಣುವ ಆ ಗೆರೆಗಳಿಗೆ ಇದಕ್ಕಿಂತ ಒಳ್ಳೆಯ ಹೆಸರು ಯಾವ ಪಾರಿಭಾಷಿಕ ಕೋಶದಲ್ಲಿಯೂ ಸಿಗಲಾರದು. ಗುಂಡು ಸವೆದರೆ ಬದಲಿಸಬಹುದು, ಕಪ್ಪು ಸವೆದರೆ ಬದಲಿಸಬಹುದು. ಅಡ್ಡ ಕೊಳವೆಯ ಒಳಗಿನ ಚೂಡಿ ಮಾತ್ರ ಸೈಕಲ್ಲಿನ ಚೌಕಟ್ಟಿನಲ್ಲಿಯೇ ಕೊರೆದದ್ದು. ಅದು ಹಾಳಾದರೆ ಚೌಕಟ್ಟೇ ಹಾಳಾದಂತೆ.

ಈ ಚೂಡಿಯ ಅಳತೆಗೆ ಹೆಸರು ಕೊಟ್ಟದ್ದು 1861ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಬಂದೂಕು ತಯಾರಿಸಲು ಹುಟ್ಟಿದ ಬಿ.ಎಸ್.ಎ. ಕಂಪನಿ. ಅದರ ಗುರುತಿನಲ್ಲಿ ಒಂದಕ್ಕೊಂದು ಆನಿಸಿದ ಮೂರು ಬಂದೂಕುಗಳಿದ್ದುದು ಹಿರಿಯರಿಗೆ ನೆನಪಿರಬಹುದು. ವ್ಯಾಸ 1.37 ಅಂಗುಲ, ಅಂಗುಲಕ್ಕೆ 24 ಚೂಡಿ, ರೋಡ್ ಬೈಕಿನಲ್ಲಿ ಅಡ್ಡ ಕೊಳವೆಯ ಅಗಲ 68 ಮಿಲಿಮೀಟರ್: ಇದು ಇಂದಿಗೂ ಲೋಕದಲ್ಲಿ ಬಹಳವಾಗಿ ಬಳಕೆಯಲ್ಲಿರುವ ಅಳತೆ. ಇದರಲ್ಲಿ ಎಡಗಡೆಯ ಕಪ್ಪು ಸಾಮಾನ್ಯ ತಿರುಪಿನದು, ಪ್ರದಕ್ಷಿಣವಾಗಿ ತಿರುಗಿಸಿದರೆ ಬಿಗಿಯಾಗುತ್ತದೆ. ಚೈನಿರುವ ಬಲಗಡೆಯದು ಅಪ್ರದಕ್ಷಿಣವಾಗಿ ತಿರುಗಿಸಿದರೆ ಬಿಗಿಯಾಗುತ್ತದೆ. ಇಟಲಿಯವರ ಅಳತೆ ಬೇರೆ: 36 ಮಿಲಿಮೀಟರ್ ವ್ಯಾಸ, 70 ಮಿಲಿಮೀಟರ್ ಅಗಲ, ಎರಡು ಕಡೆಯೂ ಸೀದಾ ಚೂಡಿ. ಹಳೆಯ ಇಟಲಿಯ ಸೈಕಲ್ಲುಗಳ ಬಲಗಪ್ಪು ತಾನಾಗಿ ಸಡಿಲವಾಗುತ್ತದೆಂಬ ದೂರು ಬಲ್ಲವರಲ್ಲಿ ಪ್ರಸಿದ್ಧ.

ತಾನಾಗಿ ಏಕೆ ಸಡಿಲವಾಗಬೇಕು? ಬಲಗಡೆ ನಿಂತು ನೋಡಿದರೆ ಪೆಡಲು ತುಳಿದಂತೆ ಅಚ್ಚು ಪ್ರದಕ್ಷಿಣವಾಗಿ ತಿರುಗುತ್ತದೆ. ಅಚ್ಚು ಕಪ್ಪನ್ನೂ ತನ್ನ ಜೊತೆಗೆ ಎಳೆಯುವುದಾದರೆ ಸೀದಾ ಚೂಡಿಯೇ ಬಿಗಿಯಾಗುತ್ತಾ ಹೋಗಬೇಕಲ್ಲ ಎಂದು ಜಾಣ ವಿದ್ಯಾರ್ಥಿ ಕೇಳುತ್ತಾನೆ. ಪ್ರಶ್ನೆ ಸರಿ. ಉತ್ತರಕ್ಕೆ ಅಡುಗೆಮನೆಯಿಂದ ಎರಡು ದುಂಡನೆಯ ಡಬ್ಬಿಗಳನ್ನು ತನ್ನಿರಿ, ಒಂದರೊಳಗೊಂದು ಸ್ವಲ್ಪ ಸಡಿಲವಾಗಿ ಕೂರುವಂಥವು. ಒಳಡಬ್ಬಿಯ ಮೇಲೂ ಹೊರಡಬ್ಬಿಯ ಮೇಲೂ ಸುಣ್ಣದಿಂದ ಒಂದೊಂದು ಗೆರೆ ಎಳೆಯಿರಿ. ಒಳಡಬ್ಬಿಯೊಳಗೆ ಬೆರಳಿಟ್ಟು ಹೊರಡಬ್ಬಿಯ ಗೋಡೆಗೆ ಒತ್ತುತ್ತಾ, ಒತ್ತುವ ಜಾಗವನ್ನು ಪ್ರದಕ್ಷಿಣವಾಗಿ ಸುತ್ತ ಒಯ್ಯಿರಿ. ಕೆಲವು ಸುತ್ತಿನ ಬಳಿಕ ನೋಡಿದರೆ ಒಳಡಬ್ಬಿಯ ಗೆರೆ ಅಪ್ರದಕ್ಷಿಣವಾಗಿ ಸರಿದಿರುತ್ತದೆ. ಚಿಕ್ಕ ದುಂಡು ದೊಡ್ಡ ದುಂಡಿನೊಳಗೆ ಉರುಳಿದಾಗ ತಾನು ಹೋದ ದಿಕ್ಕಿಗೆ ವಿರುದ್ಧವಾಗಿ ತಿರುಗುವುದು ಸಹಜ ಧರ್ಮ. ಕಪ್ಪು ಒಳಡಬ್ಬಿ, ಅಡ್ಡ ಕೊಳವೆ ಹೊರಡಬ್ಬಿ, ಸುತ್ತ ಉರುಳುತ್ತಾ ಒತ್ತುವ ಛರ್ರಾಗಳೇ ಬೆರಳು. ಕಪ್ಪಿಗೂ ಕೊಳವೆಗೂ ನಡುವೆ ಕೂದಲೆಳೆಯಷ್ಟೇ ಸಂದಿರುವುದರಿಂದ ಒಂದು ಸುತ್ತಿಗೆ ಆಗುವ ಸರಿತ ಅತ್ಯಲ್ಪ. ಆದರೆ ಶಾಲೆಗೆ ಹೋಗಿ ಬರುವ ಹುಡುಗ ವರ್ಷದಲ್ಲಿ ಪೆಡಲನ್ನು ಲಕ್ಷಾಂತರ ಸುತ್ತು ತಿರುಗಿಸುತ್ತಾನೆ. ಛರ್ರಾ ಅಡಗಿ ಉರುಳುವಿಕೆಯೇ ಇಲ್ಲದಾದಾಗ ಮಾತ್ರ ಎಳೆತ ಮೇಲುಗೈ ಪಡೆಯುತ್ತದೆ.

ಪೆಡಲಿನಲ್ಲಿ ಇದು ತಿರುಗುಮುರುಗು: ಬಲಪೆಡಲು ಸೀದಾ, ಎಡಪೆಡಲು ಉಲ್ಟಾ. ಎರಡನ್ನೂ ಕಲಸಿಕೊಳ್ಳುವವರೇ ಹೆಚ್ಚು. ಆದುದರಿಂದ ಒಂದು ಉಪಾಯ ಹೇಳುತ್ತೇನೆ. ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿ ಪಾನಾದ ಹಿಡಿಯನ್ನು ಮೇಲ್ಮುಖವಾಗಿ ಇಡಿರಿ. ಬಿ.ಎಸ್.ಎ. ಅಳತೆಯ ಬಿ.ಬಿ.ಯಾದರೆ ಎಡವಾಗಲಿ ಬಲವಾಗಲಿ, ಹಿಡಿಯನ್ನು ಹಿಂದಿನ ಚಕ್ರದ ಕಡೆಗೆ ಬಾಗಿಸಿದರೆ ಬಿಗಿ, ಮುಂದಿನ ಚಕ್ರದ ಕಡೆಗೆ ಬಾಗಿಸಿದರೆ ಸಡಿಲ. ಪೆಡಲಿಗೆ ನೇರ ವಿರುದ್ಧ: ಮುಂದಕ್ಕೆ ಬಿಗಿ, ಹಿಂದಕ್ಕೆ ಸಡಿಲ. ಎಡ ಬಲ, ಸೀದಾ ಉಲ್ಟಾ ಯಾವುದನ್ನೂ ಯೋಚಿಸಬೇಕಾಗಿಲ್ಲ.

ಈಗಿನ ರೋಡ್ ಬೈಕುಗಳಲ್ಲಿ ಅಚ್ಚು, ಗುಂಡು ಎಲ್ಲವೂ ಒಂದೇ ಡಬ್ಬಿಯಲ್ಲಿ ಮುಚ್ಚಿ ಬರುವ ಬಗೆ ಸಾಮಾನ್ಯವಾಗಿದೆ. ಹೊಸದನ್ನು ಕೊಳ್ಳುವಾಗ ಹಳೆಯದರ ಮೇಲೆ ಅಚ್ಚೊತ್ತಿರುವ ಅಂಕಿಗಳನ್ನು ಓದಿ ಅದೇ ಅಗಲ, ಅದೇ ಅಚ್ಚಿನ ಉದ್ದದ್ದನ್ನು ತರಬೇಕು. ಅಚ್ಚು ಉದ್ದವಾದರೆ ಚೈನು ಓರೆಯಾಗಿ ಓಡುತ್ತದೆ. ಹಳೆಯದನ್ನು ಬಿಚ್ಚಿದ ಮೇಲೆ ಅಡ್ಡ ಕೊಳವೆಯ ಚೂಡಿಯನ್ನು ಸೀಮೆಎಣ್ಣೆ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಶುದ್ಧಿ ಮಾಡಬೇಕು. ಜೂರಾಲಾ ಕಾಲುವೆಯ ಕೆಳಗಿನ ಎರೆಮಣ್ಣಿನ ದಾರಿಯಲ್ಲಿ ಓಡಿದ ಸೈಕಲ್ಲಾದರೆ ಈ ಕೆಲಸಕ್ಕೆ ಅರ್ಧ ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಬಟ್ಟೆಯಿಂದ ಒರೆಸಿ, ಒಣಗಿಸಿ, ಚೂಡಿಗೆ ಧಾರಾಳವಾಗಿ ಗ್ರೀಸು ಸವರಬೇಕು. ಗ್ರೀಸು ಹಚ್ಚಿದರೆ ಸಡಿಲವಾಗುವುದೆಂಬುದು ತಪ್ಪು ಕಲ್ಪನೆ. ಅದು ತುಕ್ಕನ್ನು ತಡೆಯುತ್ತದೆ, ಸದ್ದನ್ನು ಅಡಗಿಸುತ್ತದೆ, ಐದು ವರ್ಷದ ಮೇಲೆ ಬಿಚ್ಚುವವನ ಪ್ರಾಣ ಉಳಿಸುತ್ತದೆ.

ಇನ್ನು ಮುಖ್ಯ ಘಟ್ಟ. ಹೆಚ್ಚಿನ ಡಬ್ಬಿಗಳು ಬಲಗಡೆಯಿಂದ ಒಳಹೋಗುತ್ತವೆ. ಮೊದಲು ಪಾನಾವನ್ನು ದೂರವಿಡಿರಿ. ಡಬ್ಬಿಯನ್ನು ಕೊಳವೆಯ ಬಾಯಿಗೆ ನೇರವಾಗಿ ಹಿಡಿದು, ಬಿಚ್ಚುವ ದಿಕ್ಕಿಗೆ ಮೆಲ್ಲಗೆ ಒಂದು ಸುತ್ತು ತಿರುಗಿಸಿರಿ. ಒಂದು ಕಡೆ ಚೂಡಿಯ ತುದಿ ತುದಿಗೆ ಸಿಕ್ಕಿ 'ಟಕ್' ಎಂದು ಇಳಿಯುತ್ತದೆ. ಅಲ್ಲಿಂದ ಬಿಗಿಸುವ ದಿಕ್ಕಿಗೆ ಬೆರಳಿನಿಂದಲೇ ತಿರುಗಿಸಿರಿ. ಮೂರು ನಾಲ್ಕು ಸುತ್ತು ಬೆರಳಿಗೇ ಹೋಗಬೇಕು. ತಡೆದರೆ ಹೊರಗೆ ತೆಗೆದು ಮತ್ತೆ ಆರಂಭಿಸಬೇಕು. ಪಾನಾದ ಬಲದಿಂದ ಮುಂದೆ ಹೋಗುವುದು ಸಾಧ್ಯ, ಆದರೆ ಅದು ಹಳೆಯ ಚೂಡಿಯನ್ನು ಕಡಿದು ಓರೆಯಾದ ಹೊಸ ಚೂಡಿ ಮಾಡಿಕೊಂಡು ಹೋಗುತ್ತದೆ. ಮೇಲೆ ಹೇಳಿದ ಸೈಕಲ್ಲಿಗೆ ಆದದ್ದು ಇದೇ. ಮಕ್ತಲ್ಲಿನ ಆ ಕಾರ್ಮಿಕರು, ಚೂಡಿ ಕೊರೆಯುವ ಟ್ಯಾಪ್ ಹಾಕಿಸಿ ಉಳಿದಷ್ಟನ್ನು ನೇರ ಮಾಡಿಸಿರೆಂದು ಹೇಳಿ ಹಿಂದಕ್ಕೆ ಕಳುಹಿಸಿದರು. ಚೂಡಿ ಪೂರ್ತಿ ಹೋಗಿದ್ದರೆ, ಕೊಳವೆಯೊಳಗೆ ಎರಡು ಕಡೆಯಿಂದ ಬಿಗಿದುಕೊಳ್ಳುವ, ಚೂಡಿಯಿಲ್ಲದ ಬಗೆಯ ಬಿ.ಬಿ.ಯೊಂದೇ ಗತಿ.

ಬಲಗಡೆಯ ಅಂಚು ಕೊಳವೆಗೆ ತಾಗುವವರೆಗೆ ಬಂದ ಮೇಲೆ ಎಡಗಪ್ಪನ್ನು ಅದೇ ಕ್ರಮದಿಂದ ಕೈಯಲ್ಲಿ ಕೂರಿಸಿ, ಬಳಿಕ ಬಲವನ್ನೂ ಆಮೇಲೆ ಎಡವನ್ನೂ ಬಿಗಿ ಮಾಡಬೇಕು. ಎಷ್ಟು ಬಿಗಿ? ತಯಾರಕರು ಇಂಥ ಡಬ್ಬಿಗಳಿಗೆ 50ರಿಂದ 70 ನ್ಯೂಟನ್ ಮೀಟರ್ ಎನ್ನುತ್ತಾರೆ. ನಮ್ಮ ಲೆಕ್ಕದಲ್ಲಿ, ಕಾಲು ಮೀಟರ್ ಉದ್ದದ ಪಾನಾದ ತುದಿಗೆ ಇಪ್ಪತ್ತು ಕಿಲೋ ತೂಗುಹಾಕಿದರೆ ಸುಮಾರು 50 ಆಗುತ್ತದೆ. ಅರ್ಧ ಮೀಟರ್ ಉದ್ದದ್ದಾದರೆ ಹತ್ತು ಕಿಲೋ ಸಾಕು. ಪೈಪು ತೊಡಿಸಿದವನ ಕೈಗೆ ಈ ಅಂದಾಜು ಉಳಿಯುವುದಿಲ್ಲ. ಕಪ್ಪುಗಳು ಕೊಳವೆಯ ಹೊರಗೆ ಕೂರುವ, 24 ಮಿಲಿಮೀಟರ್ ಟೊಳ್ಳು ಅಚ್ಚಿನ ನೂತನ ಬಗೆಗೆ 35ರಿಂದ 50 ಸಾಕು. ಅದರ ಎಡಕ್ರ್ಯಾಂಕಿನ ಮುಚ್ಚಳವನ್ನು ಬೆರಳ ಬಿಗಿಗಿಂತ ಹೆಚ್ಚು ಬಿಗಿಯಬಾರದು. ಕ್ರ್ಯಾಂಕನ್ನು ಹಿಡಿಯುವ ಕೆಲಸ ಪಕ್ಕದ ಎರಡು ಬೋಲ್ಟುಗಳದು. ಚೂಡಿಯೇ ಇಲ್ಲದೆ ಒತ್ತಿ ಕೂರಿಸುವ ಬಗೆಯೂ ಇದೆ. ಅದಕ್ಕೆ ಒತ್ತುವ ಸಾಧನವೇ ಬೇಕು, ಸುತ್ತಿಗೆ ಮುಟ್ಟಿಸಲೇಬಾರದು.

ಮನೆಯ ಮೂಲೆಯಲ್ಲಿ ಹಳೆಯ ಹರ್ಕ್ಯುಲಿಸ್, ಅಟ್ಲಾಸ್, ಹೀರೋ ಇರುವವರಿಗಾಗಿ ಇನ್ನೊಂದಿಷ್ಟು. ಮದರಾಸಿನ ಟಿ.ಐ. ಕಾರ್ಖಾನೆ 1949ರದು, ಅಟ್ಲಾಸ್ 1951ರದು, ಹೀರೋ 1956ರದು. ಅಟ್ಲಾಸಿನವರು ತಮ್ಮ ಸಾಹಿಬಾಬಾದ್ ಕಾರ್ಖಾನೆಯನ್ನು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ ನಿಲ್ಲಿಸಿದರೆಂದು ಓದಿದಾಗ ನನಗೆ ಖೇದವಾಯಿತು. ಇಂಥ ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಕಡೆಗೆ ಹನ್ನೊಂದರಂತೆ ಕಾಲು ಅಂಗುಲದ 22 ಛರ್ರಾಗಳಿರುತ್ತವೆ. ಒಂದು ಸವೆದಿದ್ದರೂ ಎಲ್ಲವನ್ನೂ ಬದಲಿಸಬೇಕು. ಹೊಸದೂ ಹಳೆಯದೂ ಬೆರೆತರೆ ತುಸು ದಪ್ಪನೆಯ ಹೊಸವೇ ಭಾರವನ್ನೆಲ್ಲ ಹೊತ್ತು ಕಪ್ಪನ್ನು ಕೊರೆಯುತ್ತವೆ. ಅಚ್ಚಿನ ಉದ್ದನೆಯ ತುದಿ ಚೈನಿನ ಕಡೆಗೆ. ಎಡಗಪ್ಪನ್ನು ಛರ್ರಾಗಳಿಗೆ ತಾಗುವವರೆಗೆ ತಿರುಗಿಸಿ, ಎಳ್ಳಷ್ಟು ಹಿಂದಕ್ಕೆ ಬಿಡಬೇಕು. ನಾರಾಯಣಪೇಟೆಯ, ಗದ್ವಾಲದ ನೇಕಾರ ಮನೆತನದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಹಾಸು ಬಿಗಿ ಹೆಚ್ಚಾದರೆ ಎಳೆ ಹರಿಯುತ್ತದೆ, ಸಡಿಲವಾದರೆ ನೇಯ್ಗೆ ಕೂರುವುದಿಲ್ಲ. ಹೊರಗಿನ ಬಿಗಿಯುಂಗುರವನ್ನು ತಿರುಗಿಸುವಾಗ ಕಪ್ಪೂ ಜೊತೆಗೆ ತಿರುಗಲು ನೋಡುತ್ತದೆ. ಒಂದು ಕೈಯಿಂದ ಕಪ್ಪನ್ನು ಹಿಡಿದೇ ಉಂಗುರವನ್ನು ಬಿಗಿಯಬೇಕು. ಬಳಿಕ ಕ್ರ್ಯಾಂಕನ್ನು ಹಿಡಿದು ಅಡ್ಡಡ್ಡ ಅಲುಗಾಡಿಸಿ ನೋಡಿರಿ. ಲಟಲಟ ಎನ್ನಬಾರದು, ತಿರುಗಿಸಿದರೆ ಎಲ್ಲಿಯೂ ಹಿಡಿಯಬಾರದು. ಎರಡು ಕಾಟರ್ ಪಿನ್ನುಗಳನ್ನು ಒಂದಕ್ಕೊಂದು ವಿರುದ್ಧ ದಿಕ್ಕಿನಿಂದ ಹೊಡೆಯಬೇಕು. ಇಲ್ಲದಿದ್ದರೆ ಎರಡು ಕ್ರ್ಯಾಂಕುಗಳು ಒಂದೇ ನೇರಕ್ಕೆ ಬರದೆ ತುಳಿಯುವವನು ಕುಂಟುತ್ತಾ ಹೋಗುವಂತಾಗುತ್ತದೆ.

ಎಲ್ಲವೂ ಸರಿಯಾಗಿ ಕೂತ ಮೇಲೂ ಸದ್ದು ಬಂದರೆ ತಕ್ಷಣ ಬಿ.ಬಿ.ಯನ್ನು ಬಿಚ್ಚಬೇಡಿರಿ. ಪೆಡಲಿನ ಬುಡ, ಕ್ರ್ಯಾಂಕಿನ ಬೋಲ್ಟು, ಸೀಟಿನ ಕಂಬ, ಈ ಮೂರರ ಸದ್ದೂ ಚೌಕಟ್ಟಿನ ಕೊಳವೆಗಳಲ್ಲಿ ಹರಿದು ಬಿ.ಬಿ.ಯಿಂದಲೇ ಬಂದಂತೆ ಕೇಳಿಸುತ್ತದೆ. ಸೀಟಿನಿಂದೆದ್ದು ನಿಂತು ತುಳಿಯಿರಿ. ಸದ್ದು ನಿಂತರೆ ಅದು ಸೀಟಿನದು. ನಿಲ್ಲದಿದ್ದರೆ ಪೆಡಲುಗಳನ್ನು ಬಿಚ್ಚಿ, ಗ್ರೀಸು ಹಚ್ಚಿ, ಮುಂದಿನ ಚಕ್ರದ ಕಡೆಗೆ ಬಿಗಿದು ಮತ್ತೊಮ್ಮೆ ತುಳಿದು ನೋಡಿರಿ.