ಆಮೆಯನ್ನು ಮರೆಯದ ಎಲೆಗಳು

ಬಂಡೆ ಎದ್ದು ನಿಂತಿತು!

ಮರದ ನೆರಳಿನಲ್ಲಿ ಅಲ್ಲೊಂದು ಇಲ್ಲೊಂದು ಬಿದ್ದಿದ್ದ ಬೂದುಬಣ್ಣದ ಗುಂಡುಕಲ್ಲುಗಳ ನಡುವೆ ದಾರಿ ಮಾಡಿಕೊಂಡು ಹೋಗುತ್ತಿದ್ದೆ. ಪಕ್ಕದ ಕಲ್ಲೊಂದರಿಂದ ‘ಹುಸ್ಸ್’ ಎಂದು ಉಸಿರು ಹೊರಟಿತು. ಬೆಚ್ಚಿ ತಿರುಗಿದರೆ ಕಲ್ಲಿಗೆ ಕಾಲು ಮೂಡಿತ್ತು. ಆನೆಮರಿಯ ಕಾಲಿನಂಥ, ಹೊಪ್ಪಳೆ ಹೊಪ್ಪಳೆಯ ದಪ್ಪ ಕಾಲು. ಆಮೇಲೆ ಸುಕ್ಕುಗಟ್ಟಿದ ಕತ್ತು. ಕತ್ತಿನ ತುದಿಯಲ್ಲಿ ಒದ್ದೆಯಾಗಿ ಹೊಳೆಯುವ ಕಪ್ಪು ಕಣ್ಣು. ಜೊತೆಗಿದ್ದ ಮಾರ್ಗದರ್ಶಿ ಆ ಕತ್ತಿನ ಬುಡವನ್ನು ಮೆಲ್ಲಗೆ ಸವರಿ ತೋರಿಸಿದರು. ನಾನೂ ಸವರಿದೆ. ಪ್ರಾಣಿ ನಾಲ್ಕೂ ಕಾಲ ಮೇಲೆ ನೆಟ್ಟಗೆ ಎದ್ದಿತು, ಕತ್ತನ್ನು ಆಕಾಶಕ್ಕೆ ಚಾಚಿತು, ಕಣ್ಣು ಅರೆ ಮುಚ್ಚಿ ಹಾಗೆಯೇ ನಿಂತುಬಿಟ್ಟಿತು. ಇದರ ಗಂಡು 250 ಕಿಲೋವರೆಗೆ ತೂಗಬಲ್ಲದು, ನೂರು ವರ್ಷವನ್ನು ದಾಟಿ ಬದುಕಬಲ್ಲದು. ಅಂಥದ್ದು ನನ್ನ ನಾಲ್ಕು ಬೆರಳಿಗೆ ಕರಗಿತ್ತು. ಊರಿನ ದೇವಸ್ಥಾನದ ನವರಂಗದ ನೆಲದಲ್ಲಿ ಕೆತ್ತಿದ ಕಲ್ಲಿನ ಆಮೆಯನ್ನು ಚಿಕ್ಕಂದಿನಿಂದ ನೋಡುತ್ತ ಬಂದವನು ನಾನು. ಅದು ಎದ್ದು ನಡೆದರೆ ಹೇಗಿರುತ್ತದೆ ಎಂದು ಆ ಬೆಳಿಗ್ಗೆ ತಿಳಿಯಿತು.

ಇದು ರೋಡ್ರಿಗಸ್. ಮಾರಿಷಸ್‌ಗೆ ಸೇರಿದ, ಅಲ್ಲಿಂದ ಪೂರ್ವಕ್ಕೆ ಸುಮಾರು 560 ಕಿಲೋಮೀಟರ್ ದೂರದಲ್ಲಿ ಹಿಂದೂ ಮಹಾಸಾಗರದ ನಡುವೆ ಒಂಟಿಯಾಗಿ ಕೂತ ದ್ವೀಪ. ವಿಸ್ತೀರ್ಣ ಬರೀ 108 ಚದರ ಕಿಲೋಮೀಟರ್. ಅದರ ಸುತ್ತ ಹವಳದಿಬ್ಬ ಕಟ್ಟಿಕೊಂಡಿರುವ ತಿಳಿನೀಲಿ ಕೊಳ ದ್ವೀಪದ ಎರಡರಷ್ಟಿದೆ! ಪುಟ್ಟ ವಿಮಾನ ಇಳಿಯುವಾಗ ಕಿಟಕಿಯಿಂದ ಮೊದಲು ಕಾಣುವುದು ಆ ನೀಲಿಯೇ. ವಿಮಾನ ನಿಲ್ದಾಣದ ಹತ್ತಿರದಲ್ಲೇ, ನೈಋತ್ಯ ಮೂಲೆಯ ಸುಣ್ಣಕಲ್ಲಿನ ಬಯಲಿನಲ್ಲಿ, 2007ರಲ್ಲಿ ಬಾಗಿಲು ತೆರೆದ ಫ್ರಾಂಸ್ವಾ ಲೆಗ್ವಾ ಆಮೆಧಾಮವಿದೆ. ಒಂದೇ ಬೇಲಿಯೊಳಗೆ ದೈತ್ಯ ಆಮೆಗಳ ಕಣಿವೆ, ನೆಲದಡಿಯ ಗುಹೆ, ದ್ವೀಪದ ಕಥೆ ಹೇಳುವ ಒಂದು ಚಿಕ್ಕ ಸಂಗ್ರಹಾಲಯ. ಅರ್ಧ ದಿನದಲ್ಲಿ ನೋಡಿ ಮುಗಿಸೋಣವೆಂದು ಹೋದೆ. ಸಂಜೆ ಬಾಗಿಲು ಹಾಕುವ ಹೊತ್ತಿಗೂ ಕಾಲು ಹೊರಡಲಿಲ್ಲ.

ಲೆಗ್ವಾ ಯಾರು? ಫ್ರಾನ್ಸಿನ ಪ್ರೊಟೆಸ್ಟೆಂಟ್. ಮತದ ಕಾರಣಕ್ಕೆ ದೇಶ ಬಿಟ್ಟವನು. ಹಿಂದೂ ಮಹಾಸಾಗರದಲ್ಲಿ ಸ್ವರ್ಗದಂಥ ನೆಲೆ ಕೊಡುತ್ತೇವೆಂಬ ಮಾತು ನಂಬಿ, ಐವತ್ತು ದಾಟಿದ ವಯಸ್ಸಿನಲ್ಲಿ ಹಾಲೆಂಡಿನಿಂದ ಹಡಗು ಹತ್ತಿದ. 1691ರಲ್ಲಿ ಅವನನ್ನೂ ಏಳು ಮಂದಿ ಸಂಗಾತಿಗಳನ್ನೂ ಮನುಷ್ಯರೇ ಇರದ ಈ ದ್ವೀಪದಲ್ಲಿ ಇಳಿಸಿ ಹಡಗು ಹೊರಟುಹೋಯಿತು. ಎರಡು ವರ್ಷ ಇಲ್ಲಿದ್ದರು. ಕೊನೆಗೆ ಕೈಯಾರೆ ದೋಣಿ ಕಟ್ಟಿಕೊಂಡು ಮಾರಿಷಸ್ ಸೇರಿದರೆ, ಅಲ್ಲಿ ಡಚ್ಚರ ಸೆರೆ ಕಾದಿತ್ತು.

ಬದುಕಿ ಯುರೋಪಿಗೆ ಮರಳಿದವನು ಪುಸ್ತಕ ಬರೆದ. ಈ ದ್ವೀಪದಲ್ಲಿ ಒಮ್ಮೊಮ್ಮೆ ಎರಡು ಮೂರು ಸಾವಿರ ಆಮೆಗಳು ಒಂದೇ ಹಿಂಡಾಗಿ ಕೂಡಿರುತ್ತವೆ, ನೆಲಕ್ಕೆ ಕಾಲಿಡದೆ ಅವುಗಳ ಬೆನ್ನ ಮೇಲೆಯೇ ನೂರು ಹೆಜ್ಜೆಗೂ ಹೆಚ್ಚು ನಡೆಯಬಹುದು ಎಂದು ಅದರಲ್ಲಿ ಹೇಳಿದ. ಹಿಂಡಿನ ನಾಲ್ಕು ಮೂಲೆಗೆ ಕಾವಲು ಆಮೆಗಳು ನಿಲ್ಲುತ್ತವೆ ಎಂದೂ ಸೇರಿಸಿದ. ಹಾರಲಾರದ, ಒಂಟಿಯಾಗಿ ತಿರುಗುವ ದೊಡ್ಡ ಹಕ್ಕಿಯೊಂದನ್ನು ವರ್ಣಿಸಿದ. ಅದರ ರೆಕ್ಕೆಯ ಮೂಳೆಯಲ್ಲಿ ಕೋವಿಯ ಗುಂಡಿನಷ್ಟು ದಪ್ಪದ ಗಂಟು ಇರುತ್ತದೆ, ಅದನ್ನೇ ಆಯುಧ ಮಾಡಿಕೊಂಡು ಬಡಿದಾಡುತ್ತದೆ ಎಂದ. ಓದಿದವರಲ್ಲಿ ಹಲವರು ನಂಬಲಿಲ್ಲ. ಇಪ್ಪತ್ತನೆಯ ಶತಮಾನದಲ್ಲೂ ಒಬ್ಬ ವಿದ್ವಾಂಸ ಇಡೀ ಪುಸ್ತಕವೇ ಅಡುಗೂಲಜ್ಜಿ ಕಥೆಯೆಂದು ವಾದಿಸಿದ.

ಆದರೆ ನೆಲ ಅವನ ಪರವಾಗಿ ಸಾಕ್ಷಿ ಹೇಳಿತು.

ಇಲ್ಲಿನ ಗುಹೆಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಅಗೆದಾಗ ಆ ಹಕ್ಕಿಯ ಮೂಳೆಗಳು ರಾಶಿರಾಶಿಯಾಗಿ ಸಿಕ್ಕವು. ರೆಕ್ಕೆಯ ಮೂಳೆಯಲ್ಲಿ ಗಂಟು ಇತ್ತು! ಲೆಗ್ವಾ ಹೇಳಿದ ಜಾಗದಲ್ಲೇ, ಅವನು ಹೇಳಿದ ಹಾಗೆಯೇ. ಸಂಗ್ರಹಾಲಯದಲ್ಲಿ ಸಾಲಿಟೇರ್ ಎಂಬ ಆ ಹಕ್ಕಿಯ ಕಥೆಯ ಮುಂದೆ ನಾನು ಬಹಳ ಹೊತ್ತು ನಿಂತೆ. ಮೂರು ಅಡಿ ಎತ್ತರದ ಪಾರಿವಾಳ ಅದು, ಡೋಡೋವಿನ ಖಾಸಾ ದಾಯಾದಿ. 2002ರ ಡಿಎನ್‌ಎ ಅಧ್ಯಯನದ ಪ್ರಕಾರ ಈ ಎರಡಕ್ಕೂ ಇಂದು ಬದುಕಿರುವ ಹಕ್ಕಿಗಳಲ್ಲಿ ತೀರ ಹತ್ತಿರದ್ದು ನಿಕೋಬಾರ್ ಪಾರಿವಾಳ. ನಮ್ಮ ನಿಕೋಬಾರ್! ಹಸಿರು ತಾಮ್ರದ ಹೊಳಪಿನ ಆ ಹಕ್ಕಿಯ ನೆಂಟ ಈ ದ್ವೀಪದಲ್ಲಿ ನೆಲಕ್ಕಿಳಿದು, ಹಾರುವುದನ್ನು ಬಿಟ್ಟು, ದೊಡ್ಡದಾಗಿ ಬೆಳೆದು, ಹದಿನೆಂಟನೆಯ ಶತಮಾನ ಮುಗಿಯುವ ಮೊದಲೇ ಅಳಿದುಹೋಯಿತು.

ಚರಿತ್ರೆ ಹುಡುಕುವವರಿಗೆ ಈ ದ್ವೀಪದಲ್ಲಿ ಇನ್ನೂ ಎಷ್ಟೋ ಇದೆ. 1809ರಲ್ಲಿ ಬ್ರಿಟಿಷರು ಇದನ್ನು ಹಿಡಿದು, ಮರುವರ್ಷ ಮಾರಿಷಸ್ ಗೆಲ್ಲಲು ಹೊರಟಾಗ ಇಲ್ಲಿ ಬೀಡುಬಿಟ್ಟ ಪಡೆಯಲ್ಲಿ ಮದರಾಸು, ಬೊಂಬಾಯಿಗಳಿಂದ ಬಂದ ಸಿಪಾಯಿಗಳೂ ಇದ್ದರು. 1883ರ ಆಗಸ್ಟ್‌ನಲ್ಲಿ ಇಲ್ಲಿನ ಪೊಲೀಸ್ ಮುಖ್ಯಸ್ಥ ಪೂರ್ವ ದಿಕ್ಕಿನಿಂದ ಫಿರಂಗಿ ಸದ್ದು ಕೇಳಿಸಿತೆಂದು ಬರೆದಿಟ್ಟ. ಯಾವ ಫಿರಂಗಿಯೂ ಇರಲಿಲ್ಲ. ಅದು ಸುಮಾರು 4,800 ಕಿಲೋಮೀಟರ್ ದೂರದ ಕ್ರಕಟೋವಾ ಜ್ವಾಲಾಮುಖಿ ಸಿಡಿದ ಸದ್ದು, ನಾಲ್ಕು ತಾಸು ಕಡಲ ಮೇಲೆ ಸಾಗಿ ಬಂದದ್ದು! ಇದನ್ನು ಓದಿ ನನಗೆ ಮೈ ಜುಮ್ಮೆಂದಿತು. ಆದರೆ ನನ್ನ ಮನಸ್ಸು ಆಮೆಗಳ ಹಿಂದೆಯೇ ಹೋಗಿತ್ತು.

ತಲೆಗೆ ದೀಪದ ಹೆಲ್ಮೆಟ್ ಹಾಕಿಕೊಂಡು ಗುಹೆಗೆ ಇಳಿದೆವು. ಹವಳದ ಮರಳನ್ನು ಗಾಳಿ ದಿಬ್ಬವಾಗಿಸಿ, ಮಳೆನೀರು ಅದನ್ನು ಕಲ್ಲಾಗಿಸಿ, ಅದೇ ನೀರು ಮತ್ತೆ ಒಳಗಿಂದ ಕೊರೆದು ಮಾಡಿದ ಗುಹೆ. ಮೇಲಿನಿಂದ ಸುಣ್ಣದ ತೊಂಗಲು, ಕೆಳಗಿನಿಂದ ಸುಣ್ಣದ ಕಂಬ. ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಏನೂ ಇಲ್ಲ. ಮೇಲೆ ಮೇಯುತ್ತಿದ್ದ ಪ್ರಾಣಿಗಳು ಕಾಲು ಜಾರಿ ಇಂಥ ಕುಳಿಗಳಿಗೆ ಬಿದ್ದು, ಹೊರಬರಲಾರದೆ ಇಲ್ಲೇ ಉಳಿದವು. ಸುಣ್ಣ ಅವುಗಳ ಮೂಳೆಯನ್ನು ಕಾಪಿಟ್ಟಿತು. ರೋಡ್ರಿಗಸ್‌ನ ಎರಡು ಜಾತಿಯ ದೈತ್ಯ ಆಮೆಗಳು ನಮಗೆ ಗೊತ್ತಾಗಿರುವುದರಲ್ಲಿ ಬಹುಪಾಲು ಈ ಕತ್ತಲು ಕೊಟ್ಟದ್ದೇ. ಒಂದು ಗುಮ್ಮಟದಂಥ ಚಿಪ್ಪಿನದು, ನೆಲದ ಹುಲ್ಲು ಮೇಯುವಂಥದ್ದು. ಇನ್ನೊಂದರ ಚಿಪ್ಪು ಮುಂದುಗಡೆ ಕುದುರೆಯ ಜೀನಿನಂತೆ ಮೇಲಕ್ಕೆತ್ತಿಕೊಂಡಿತ್ತು. ಅದು ಉದ್ದ ಕತ್ತನ್ನು ಚಾಚಿ ಕೊಂಬೆಯ ಎಲೆಯನ್ನೇ ಹಿಡಿಯುತ್ತಿತ್ತು. ತಿನ್ನುವ ಶತ್ರುವೇ ಇಲ್ಲದ ದ್ವೀಪವಾದ್ದರಿಂದ ಚಿಪ್ಪು ತೆಳುವಾಗಿತ್ತು.

ಆ ತೆಳು ಚಿಪ್ಪಿಗೆ ಹಡಗುಗಳು ಬಂದವು.

ಆಮೆ ತಿಂಗಳುಗಟ್ಟಲೆ ಅನ್ನ ನೀರಿಲ್ಲದೆ ಬದುಕುತ್ತದೆ ಎಂಬುದೇ ಅದಕ್ಕೆ ಮುಳುವಾಯಿತು. ಹಡಗಿನ ಹೊಟ್ಟೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟರೆ ಸಮುದ್ರದ ನಡುವೆಯೂ ತಾಜಾ ಮಾಂಸ. ಹದಿನೆಂಟನೆಯ ಶತಮಾನದಲ್ಲಿ ಫ್ರೆಂಚರು ಹತ್ತಾರು ಸಾವಿರ ಆಮೆಗಳನ್ನು ಇಲ್ಲಿಂದ ಮಾರಿಷಸ್‌ಗೆ ಸಾಗಿಸಿದರು, ನಾವಿಕರಿಗೆಂದು, ಆಸ್ಪತ್ರೆಯ ರೋಗಿಗಳಿಗೆಂದು. 1761ರಲ್ಲಿ ಶುಕ್ರ ಸಂಕ್ರಮಣ ನೋಡಲು ಬಂದ ಖಗೋಳಜ್ಞ ಪೆಂಗ್ರೆ ಇಲ್ಲಿದ್ದಷ್ಟು ದಿನವೂ ಹೆಚ್ಚುಕಡಿಮೆ ಆಮೆಯ ಊಟವನ್ನೇ ಉಂಡ. 1800ರ ಹೊತ್ತಿಗೆ ಎರಡೂ ಜಾತಿ ಮುಗಿದಿದ್ದವು. ಮಾರಿಷಸ್‌ನ ಎರಡು, ರಿಯೂನಿಯನ್‌ನ ಒಂದು ಸೇರಿ ಆ ಕುಲದ ಐದೂ ಜಾತಿಗಳು ಇಂದು ಇಲ್ಲ. ಲೆಗ್ವಾ ನೂರು ಹೆಜ್ಜೆ ನಡೆಯಬಹುದೆಂದ ನೆಲದಲ್ಲಿ ಸುಮಾರು ನೂರು ವರ್ಷದಲ್ಲಿ ಹೆಜ್ಜೆಯಿಡಲು ಒಂದು ಬೆನ್ನೂ ಉಳಿಯಲಿಲ್ಲ.

ಹಾಗಾದರೆ ನನ್ನ ಬೆರಳಿಗೆ ಕತ್ತು ಕೊಟ್ಟದ್ದು ಯಾರು? ಸೇಶೆಲ್ಸ್‌ಗೆ ಸೇರಿದ ಅಲ್ಡಾಬ್ರಾ ದ್ವೀಪದ ಆಮೆ. ಹಿಂದೂ ಮಹಾಸಾಗರದ ದೈತ್ಯರಲ್ಲಿ ಉಳಿದುಬಂದದ್ದು ಅದೊಂದೇ. ಅದನ್ನೂ ಕಳೆದುಕೊಳ್ಳುವ ಹೊತ್ತು ಬಂದಾಗ, 1874ರಲ್ಲಿ, ವಿಜ್ಞಾನಿಗಳ ಗುಂಪೊಂದು ಮಾರಿಷಸ್‌ನ ಗವರ್ನರನಿಗೆ ಮನವಿ ಬರೆಯಿತು: ಇವನ್ನು ಉಳಿಸಿ. ಸಹಿ ಹಾಕಿದವರಲ್ಲಿ ಚಾರ್ಲ್ಸ್ ಡಾರ್ವಿನ್ ಇದ್ದ! ಇಂದು ಅಲ್ಡಾಬ್ರಾದಲ್ಲಿ ಸುಮಾರು ಒಂದು ಲಕ್ಷ ಆಮೆಗಳಿವೆ. ಅವುಗಳ ಕುಲದವನ್ನೇ ಮಾರಿಷಸ್‌ನಲ್ಲಿ ಸಾಕಿ, ಕೆಲವು ನೂರನ್ನು ಇಲ್ಲಿಗೆ ತಂದು ಬಿಟ್ಟರು. ಈಗ ಕಣಿವೆಯಲ್ಲಿ ಅವು ಸಾವಿರಗಟ್ಟಲೆ ಇವೆ. ಅಳಿದವರ ಜಾಗದಲ್ಲಿ ದೂರದ ನೆಂಟರು ಬಂದು ಒಲೆ ಹಚ್ಚಿದ ಹಾಗೆ.

ಈಗ ಬರುತ್ತದೆ, ನನ್ನನ್ನು ನಿಂತಲ್ಲೇ ನಿಲ್ಲಿಸಿದ ಸಂಗತಿ.

ಧಾಮದಲ್ಲಿ ಆಮೆಗಳ ಜೊತೆ ಈ ದ್ವೀಪಗಳ ಸ್ವಂತ ಗಿಡಗಳನ್ನೂ ಲಕ್ಷಕ್ಕೂ ಹೆಚ್ಚು ನೆಟ್ಟಿದ್ದಾರೆ. ಕಾಡು ಆಲಿವ್‌ನ ಒಂದು ಸಸಿ ನೋಡಿದೆ. ಎಲೆ ದರ್ಭೆಯಂತೆ ಸಪೂರ, ನಡುವೆ ಕೆಂಪು ನರ. ನೆಲದ ಕಸಕಡ್ಡಿಯ ನಡುವೆ ಕಣ್ಣಿಗೇ ಬೀಳದ ಹಾಗಿತ್ತು. ಅದರ ದೊಡ್ಡ ಮರದ ಎಲೆಯೋ ಅಗಲ, ದಪ್ಪ, ಕಡುಹಸಿರು. ಎರಡೂ ಒಂದೇ ಗಿಡವೆಂದು ಪ್ರಮಾಣ ಮಾಡಿ ಹೇಳಿದರೂ ನಂಬಲಾಗದು. ಈ ದ್ವೀಪಗಳ ಎಷ್ಟೋ ಗಿಡಗಳು ಹೀಗೆಯೇ. ಎಳೆಯದಿರುವಾಗ ಒಂದು ವೇಷ, ಒಂದು ಎತ್ತರ ದಾಟಿದ ಮೇಲೆ ಇನ್ನೊಂದು. ಯಾವ ಎತ್ತರ? ಆಮೆಯ ಬಾಯಿ ಎಟುಕುವ ಎತ್ತರ!

ಸಸಿಯಿರುವಾಗ ಒಣಕಡ್ಡಿಯಂತೆ ನಟಿಸಿ, ಆಮೆಯ ಕತ್ತಿಗೆ ಸಿಗದಷ್ಟು ಬೆಳೆದ ಮೇಲೆ ಧೈರ್ಯವಾಗಿ ಹಸಿರಾಗುವುದು. ಇದು ಆಮೆಗೆ ಹೆದರಿ ಕಲಿತ ಉಪಾಯವಿರಬೇಕು ಎಂದು ವಿಜ್ಞಾನಿಗಳು ಊಹಿಸಿ, ಅಲ್ಡಾಬ್ರಾ ಆಮೆಗಳ ಮುಂದೆ ಎರಡೂ ಬಗೆಯ ಎಲೆ ಇಟ್ಟು ನೋಡಿದರು. ಅವು ಎಳೆಯ ಗಿಡದ ಎಲೆಯನ್ನು ಬಿಟ್ಟು ಬಲಿತ ಗಿಡದ ಎಲೆಯ ಕಡೆಗೇ ಹೋದವು. ಎರಡು ಶತಮಾನದಿಂದ ಆಮೆಯ ನೆರಳೂ ಬೀಳದ ದ್ವೀಪದಲ್ಲಿ ಪ್ರತಿ ಸಸಿಯೂ ಆಮೆ ಬಂದೀತೆಂದು ಮೈ ಮರೆಸಿಕೊಂಡೇ ಹುಟ್ಟುತ್ತಿತ್ತು.

ಕಾಫೆ ಮಾರೋಂ ಎಂಬ ಗಿಡದ ಕಥೆಯನ್ನು ಹೇಳದೆ ಇರಲಾರೆ. ನಮ್ಮ ಚಿಕ್ಕಮಗಳೂರಿನ ಕಾಫಿಯ ಕುಟುಂಬದ್ದೇ, ನಕ್ಷತ್ರದಂಥ ಬಿಳಿ ಹೂವಿನದು. ರೋಡ್ರಿಗಸ್ ಬಿಟ್ಟು ಬೇರೆಲ್ಲೂ ಇಲ್ಲ. ನಿರ್ನಾಮವಾಯಿತೆಂದೇ ಎಲ್ಲರೂ ತಿಳಿದಿದ್ದರು. 1980ರ ಆಸುಪಾಸಿನಲ್ಲಿ ಶಾಲೆಯ ಮೇಷ್ಟರೊಬ್ಬರು ದ್ವೀಪದ ಅಪರೂಪದ ಗಿಡಗಳ ಬಗ್ಗೆ ಪಾಠ ಮಾಡಿದರೆ, ಹುಡುಗನೊಬ್ಬ ಒಂದು ಕೊಂಬೆ ಹಿಡಿದು ತಂದ. ಅದೇ ಗಿಡ! ಭೂಮಿಯ ಮೇಲೆ ಉಳಿದಿದ್ದ ಒಂದೇ ಒಂದು ಕಾಡು ಗಿಡ. 1986ರಲ್ಲಿ ಅದರ ಕಡ್ಡಿಗಳು ಲಂಡನ್ನಿನ ಕ್ಯೂ ಉದ್ಯಾನ ಸೇರಿ, ಒಂದು ಬೇರುಬಿಟ್ಟಿತು, ಹೂ ಬಿಟ್ಟಿತು, ಆದರೆ ವರ್ಷಗಟ್ಟಲೆ ಕಾಯಿ ಕಟ್ಟಲಿಲ್ಲ. 2003ರಲ್ಲಿ ಕಾರ್ಲೋಸ್ ಮಗ್ದಲೇನಾ ಎಂಬ ತೋಟಗಾರರ ಕೈಯಲ್ಲಿ ಕೊನೆಗೂ ಬೀಜವಾಯಿತು. ಬೀಜದಿಂದ ಸಸಿ ಎದ್ದಾಗ ನೋಡಿದವರು ಕಂಗಾಲು. ತಾಯಿಗಿಡದ ಅಗಲ ಹಸಿರು ಎಲೆಯ ಸುಳಿವೇ ಇಲ್ಲ, ಉದ್ದನೆಯ, ಸಪೂರದ, ಕಂದುಬಣ್ಣದ ಎಲೆ! ಲಂಡನ್ನಿನ ಗಾಜಿನ ಮನೆಯಲ್ಲಿ ಹುಟ್ಟಿದ ಆ ಕೂಸೂ ರೋಡ್ರಿಗಸ್‌ನ ಆಮೆಗೆ ಹೆದರಿ ಅಡಗಿ ಕೂತಿತ್ತು.

ಲೆಗ್ವಾನ ಮಾತಿಗೆ ಮೂಳೆ ಸಾಕ್ಷಿ ಹೇಳಿದ್ದು ಸರಿ. ನನಗೆ ಅದಕ್ಕಿಂತ ದೊಡ್ಡ ಸಾಕ್ಷಿ ಈ ಎಲೆ.

ಆಮೆ ಬರೀ ಶತ್ರುವೂ ಅಲ್ಲ. ಮಾರಿಷಸ್‌ನ ಇಲ್ ಓ ಜೆಗ್ರೆತ್ ಎಂಬ ಪುಟ್ಟ ದ್ವೀಪದಲ್ಲಿ ಅಲ್ಡಾಬ್ರಾ ಆಮೆಗಳು ಎಬೊನಿ ಮರದ ಹಣ್ಣು ತಿಂದು ದೂರದೂರಕ್ಕೆ ಬೀಜ ಹಾಕಿದವು. ಅವುಗಳ ಹೊಟ್ಟೆ ಹೊಕ್ಕು ಬಂದ ಬೀಜ ಚೆನ್ನಾಗಿ ಮೊಳೆಯಿತೆಂಬುದೂ ದಾಖಲಾಗಿದೆ. ಕಾಡು ಮರಳಿ ಬರಬೇಕಾದರೆ ಈ ನಿಧಾನದ ಕಾಲುಗಳೇ ಬೇಕು.

ಇನ್ನೊಂದು ಆವರಣದಲ್ಲಿ ಮಡಗಾಸ್ಕರಿನ ಕಿರಣ ಆಮೆಗಳಿವೆ. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳ ನಕ್ಷತ್ರ. ನೋಡಿದೊಡನೆ ಕೋಲಾರದ ಕುರುಚಲು ಕಾಡಿನ ನಕ್ಷತ್ರ ಆಮೆ ಕಣ್ಣ ಮುಂದೆ ಬಂತು, ಎದೆ ಹಿಂಡಿತು. ಇವೆರಡಕ್ಕೂ ಚೆಲುವೇ ಶಾಪ. ಎರಡನ್ನೂ ಕದ್ದು ಚೀಲದಲ್ಲಿ ತುಂಬಿ ದೇಶ ದಾಟಿಸುತ್ತಾರೆ. 2018ರಲ್ಲಿ ಸಿಂಗಪುರದಲ್ಲಿ ಸಿಕ್ಕ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಬೆಂಗಳೂರಿಗೆ ಮರಳಿ ಬಂದವು. ಮರಳದೆ ಹೋದವು ಎಷ್ಟೋ. ಅದೃಷ್ಟ ಬರುತ್ತದೆಂದು ಯಾರಾದರೂ ಮನೆಬಾಗಿಲಿಗೆ ಆಮೆ ತಂದರೆ ದಯವಿಟ್ಟು ಕೊಳ್ಳಬೇಡಿ, ಅರಣ್ಯ ಇಲಾಖೆಗೆ ತಿಳಿಸಿ.

ಹೊರಡುವ ಮೊದಲು ಮರಿಗಳನ್ನು ನೋಡಿದೆ. ಅಂಗೈಯಲ್ಲಿ ಕೂರುವಷ್ಟು. ಅಷ್ಟು ಪುಟ್ಟ ಬಾಯಿ ಒಂದು ಎಲೆಯನ್ನು ಹಿಡಿದು ಎಳೆಯುತ್ತಿತ್ತು, ಎಲೆ ಬರುತ್ತಿರಲಿಲ್ಲ, ಅದು ಬಿಡುತ್ತಿರಲಿಲ್ಲ. ಈ ಮರಿ ಹುಷಾರಾಗಿ ಬೆಳೆದರೆ ನನ್ನ ಮೊಮ್ಮಕ್ಕಳ ಮಕ್ಕಳೂ ಇದರ ಕತ್ತು ಸವರಬಹುದು.

ಕೊನೆಯಲ್ಲಿ ಮತ್ತೆ ಕಣಿವೆಗೆ ಇಳಿದು, ಆಮೆಗಳ ನಡುವೆ ಹೆಜ್ಜೆ ಎಣಿಸುತ್ತ ನಡೆದೆ. ಎಡಕ್ಕೊಂದು, ಬಲಕ್ಕೊಂದು, ಮುಂದೆ ಮೂರು. ನೂರು ಹೆಜ್ಜೆ ಮುಗಿಯಿತು, ಆಮೆಗಳು ಮುಗಿಯಲಿಲ್ಲ.

ಮಾರಿಷಸ್‌ಗೆ ಹೋಗುವ ಕನ್ನಡಿಗರು ಈಗ ಬಹಳ. ಹೋದವರು ಕಡಲತೀರ ನೋಡಿ ತಿರುಗಿಬರಬೇಡಿ. ಇನ್ನು ಒಂದೂವರೆ ಗಂಟೆ ವಿಮಾನದಲ್ಲಿ ಕೂತರೆ ರೋಡ್ರಿಗಸ್. ಕಣಿವೆಗೆ ಇಳಿದಾಗ ಆಮೆಯನ್ನು ನೋಡಿ, ಆಮೇಲೆ ಬಗ್ಗಿ ಒಂದು ಸಸಿಯ ಎಲೆಯನ್ನೂ ನೋಡಿ.